ಥಿನ್ನರ್ ವಾಸನೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಪುಟ್ಟಿ ಇದ್ದ ಕೋಣೆಯ ಬಾಗಿಲು ತಾನಾಗಿ ಸಿಕ್ಕಿಕೊಳ್ಳಲಿಲ್ಲ. ಹೊರಗಿನಿಂದ ಚಿಲಕ ಹಾಕಿದವನು ನಾನು. ಹನ್ನೆರಡು ದಿನದಿಂದ ಫೋನಿನಲ್ಲಿ ನಿಮಗೆ ಸುಳ್ಳು ಹೇಳುತ್ತಿದ್ದೆ. ಕಾಗದ ತಡವಾದದ್ದೂ ಅದಕ್ಕೇ, ಕ್ಷಮಿಸಿ. ಸುರಂಗದ ಕೆಲಸದ ಧೂಳಿಗೆ ನಿಮ್ಮ ಕೆಮ್ಮು ಹೇಗಿದೆ? ಅಮ್ಮ ಮತ್ತೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಾಳೆ. ಪುಟ್ಟಿ ಬದುಕಿದ್ದಾಳೆ.

ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನಿಂದ ನಾನು ಬಂದರೆ ಅಮ್ಮ ಹೊಸಿಲಲ್ಲೇ ತಡೆಯುತ್ತಾಳೆ: “ಬಟ್ಟೆ ಹೊರಗೇ ಬಿಚ್ಚೋ, ಮನೆಯೆಲ್ಲ ಥಿನ್ನರ್ ನಾತ.” ಕಳೆದ ತಿಂಗಳ ಕೊನೆಯ ಭಾನುವಾರ ಸ್ನಾನ ಮಾಡಿ ಕೂತಿದ್ದಾಗಲೂ ಬೈದಳು. ವಾಸನೆ ಇತ್ತು, ಆದರೆ ನನ್ನದಲ್ಲ. ಎರಡು ವರ್ಷ ಅದರಲ್ಲೇ ನೆಂದ ಮೂಗು ನನ್ನದು, ಹುಡುಕಿದೆ. ಪುಟ್ಟಿಯ ಬಾಯಿಂದ ಬರುತ್ತಿತ್ತು.

ನಮ್ಮ ಶೆಡ್ಡಿನ ಪಾಲಿಶ್ ಮೇಸ್ತ್ರಿ ಥಿನ್ನರ್ ಬಟ್ಟೆ ಮೂಸುವ ಚಟಕ್ಕೆ ಬಿದ್ದು ಒಣಗಿಹೋದದ್ದನ್ನು ನೋಡಿದ್ದೇನೆ. ಇವಳೂ ಹಾಗೇ ಒಣಗಿದ್ದಳು. ಪುಸ್ತಕ ಹಿಡಿದರೆ ತೂಕಡಿಕೆ. ಗಂಟೆಗೊಮ್ಮೆ ಬಚ್ಚಲಿಗೆ ಓಡುವಳು. ಅಲ್ಲೇ ಮೂಸುತ್ತಾಳೆ ಅಂದುಕೊಂಡೆ. ಶಾಲೆ ಬಿಟ್ಟು ನಾನೊಬ್ಬ ಹಾಳಾದದ್ದು ಸಾಕು, ಇವಳು ಹಾಳಾಗಬಾರದು ಅನ್ನಿಸಿತು, ಅದಕ್ಕೇ ಹೊಡೆದೆ. ಅದು ನಿಜ. ಹೊಡೆಯುವಾಗ ಖುಷಿಯಾಯಿತು ಎನ್ನುವುದೂ ನಿಜ. ಈ ಮನೆಯಲ್ಲಿ ಮೊದಲ ಸಲ ತಪ್ಪು ನನ್ನದಲ್ಲದೆ ಬೇರೆಯವರದಾಗಿತ್ತು.

ಮರುದಿನ ಎಂಟಕ್ಕೆ ಅಮ್ಮ ಹೋದ ಮೇಲೆ ಅವಳನ್ನು ಕೋಣೆಗೆ ನೂಕಿ ಚಿಲಕ ಹಾಕಿದೆ.

“ಅಣ್ಣಾ, ನೀರು ಕೊಡೋ.”

“ಡಬ್ಬ ಎಲ್ಲಿ ಬಚ್ಚಿಟ್ಟಿದ್ದೀಯ ಹೇಳು, ಕೊಡ್ತೀನಿ.”

“ಯಾವ ಡಬ್ಬ?”

“ಆಹಾ, ಏನೂ ಅರಿಯದ ಕೂಸು. ನಿನ್ನ ಬಾಯಿ ನೀನೇ ಮೂಸ್ಕೋ.”

“ಒಂದೇ ಲೋಟ ಕಣೋ.”

ಕೊಡಲಿಲ್ಲ. ವಾಂತಿ ಮಾಡುವ ಸದ್ದು ಕೇಳಿಸಿತು. ವಿಷ ಇಳಿಯಲಿ ಎಂದುಕೊಂಡು ಶೆಡ್ಡಿಗೆ ಹೋದೆ. ಒಂದು ಗಂಟೆಗೆ ಬಂದು ಬಾಗಿಲು ತೆಗೆದರೆ ನೆಲದ ಮೇಲೆ ಬಿದ್ದಿದ್ದಳು. ಬಹಳ ದೂರ ಓಡಿ ಬಂದವಳ ಹಾಗೆ ಆಳವಾಗಿ ಉಸಿರೆಳೆಯುತ್ತಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. “ಇವಳಿಗೆ ಸಕ್ಕರೆ ಕಾಯಿಲೆ. ರಕ್ತದ ತುಂಬ ಸಕ್ಕರೆ ಇದೆ, ಇನ್ಸುಲಿನ್ ಇಲ್ಲದೆ ಮೈಗೆ ಅದು ದಕ್ಕಲ್ಲ. ಹಸಿದ ಮೈ ಕೊಬ್ಬು ಕರಗಿಸುತ್ತೆ, ಲಿವರ್ ಅದನ್ನ ಕೀಟೋನ್ ಮಾಡುತ್ತೆ. ಸ್ವಲ್ಪ ಆದ್ರೆ ಹೃದಯ, ಮಿದುಳು ಅದನ್ನೇ ಉರಿಸ್ಕೊಂಡು ಬದುಕ್ತವೆ. ತಡೆಯೋ ಇನ್ಸುಲಿನ್ನೇ ಇಲ್ಲದಿದ್ರೆ ಕೀಟೋನ್ ತುಂಬಿ ರಕ್ತ ಆಮ್ಲ ಆಗುತ್ತೆ. ಅದನ್ನ ಸರಿಮಾಡೋಕೇ ಆ ಉಸಿರು. ಒಂದಿಷ್ಟು ಕೀಟೋನ್ ಅಸಿಟೋನ್ ಆಗಿ ಉಸಿರಲ್ಲೇ ಹೊರಗೆ ಬರುತ್ತೆ.”

“ನಮ್ಮ ಥಿನ್ನರಲ್ಲೂ ಅದೇ ಇರೋದು ಡಾಕ್ಟರೇ,” ಅಂದೆ.

“ಹಾಗಾದ್ರೆ ಎಲ್ಲರಿಗಿಂತ ಮೊದಲು ನಿಮಗೇ ಗೊತ್ತಾಗ್ಬೇಕಿತ್ತಲ್ಲಪ್ಪ.”

“ವಾಸನೆ ಮೊದಲು ಗೊತ್ತಾಗಿದ್ದು ನನಗೇ.”

ಸಕ್ಕರೆ ಇಳಿದ ಮೇಲೂ ಇನ್ಸುಲಿನ್ ನಿಲ್ಲಿಸಲಿಲ್ಲ. ಒಂದು ಕೈಗೆ ಇನ್ಸುಲಿನ್, ಇನ್ನೊಂದು ಕೈಗೆ ಗ್ಲೂಕೋಸ್. ಅಮ್ಮ ನರ್ಸನ್ನು ಹಿಡಿದುಕೊಂಡಳು: “ಇಳಿಸೋದೂ ನೀವೇ, ಏರಿಸೋದೂ ನೀವೇ, ಇದೇನು ಆಟ?” ಕೀಟೋನ್ ಪೂರ್ತಿ ಹೋಗಬೇಕಾದರೆ ಇನ್ಸುಲಿನ್ ಬೇಕೇ ಬೇಕು, ಅಷ್ಟರಲ್ಲಿ ಸಕ್ಕರೆ ತೀರಾ ಬೀಳದಿರಲಿ ಎಂದು ಗ್ಲೂಕೋಸ್ ಅಂತೆ. ಮೂರನೇ ದಿನ ಎದ್ದು ಕೂತಳು. ಬಾಗಿಲು ಸಿಕ್ಕಿಕೊಂಡಿತ್ತು ಎಂದು ಮೊದಲು ಹೇಳಿದವಳು ಅವಳೇ. ನನ್ನನ್ನು ಉಳಿಸುತ್ತಿದ್ದಾಳೆ ಎಂದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ನಿಮ್ಮ ಆಶೀರ್ವಾದ ಪುಟ್ಟಿಯ ಮೇಲಿರಲಿ. ನನಗೂ ಇರಲಿ ಎಂದು ಕೇಳಲು ಮುಖವಿಲ್ಲ.

ನಿಮ್ಮ ದೊಡ್ಡವನು

ಮರೆತ ಮಾತು: ನಿಜವಾಗಿ ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಆಸ್ಪತ್ರೆಯಲ್ಲಿ, ಪರದೆಯ ಈಚೆ ನಾನು ನಿಂತಿದ್ದು ತಿಳಿಯದೆ ನರ್ಸ್, “ನಾಡಿದ್ದು ಮನೆಗೆ ಕಳಿಸ್ತೀವಿ, ಖುಷೀನಾ?” ಅಂದರು. ಪುಟ್ಟಿ ಮೆತ್ತಗೆ ಕೇಳಿದಳು, “ಅಕ್ಕಾ, ಇನ್ನೂ ಸ್ವಲ್ಪ ದಿನ ಇಲ್ಲೇ ಇಟ್ಕೊಳ್ತೀರಾ? ಅಣ್ಣ ಚಿಲಕ ಹಾಕಿದ್ದನ್ನ ನಾನು ಯಾರಿಗೂ ಹೇಳಿಲ್ಲ. ಆದ್ರೂ ಅಣ್ಣ ಹೊಡೀತಾನೆ.” ಅವಳನ್ನು ನಾಳೆ ಮಧ್ಯಾಹ್ನ ಮನೆಗೆ ಕರೆತರುತ್ತಾರೆ. ನಾನು ನಾಳೆ ಬೆಳಿಗ್ಗೆಯೇ ಈ ಮನೆ ಬಿಟ್ಟು ಹೊರಡುತ್ತೇನೆ.