ಬೈಗುಳ ನಿಂತ ಮನೆ

ಕೋಣನಕುಂಟೆ
೧೨-೬-೨೦೨೪, ಬುಧವಾರ

ಮಗಳು ಲತಾಮಣಿಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಸೊಂಟದ ನೋವು ಹೇಗಿದೆ? ಚಳ್ಳಕೆರೆ ಬಿಸಿಲಿನಲ್ಲಿ ಆ ಹಾಸ್ಟೆಲ್ ಹುಡುಗಿಯರ ಹಿಂದೆ ಓಡಾಡಿ ಒಣಗಿಹೋಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಫೋನಿನಲ್ಲಿ ಹೇಳಿದರೆ ನಿನ್ನ ಅಣ್ಣ ವೇಣು ಕಿವಿ ಕೊಡುತ್ತಾನೆ, ಅದಕ್ಕೇ ಈ ಕಾಗೆಕಾಲು ಅಕ್ಷರ.

ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ನಿನಗೆ ಗೊತ್ತೇ ಇದೆ. ಮನಸ್ಸಿನ ಕಾಯಿಲೆ ಎಂದು ವೇಣು ಜಯನಗರದ ಡಾಕ್ಟರಿಗೆ ತೋರಿಸಿದ. ಅವರು ಮಾತ್ರೆ ಬರೆದು, ಮಾತಾಡಿಸುವುದಕ್ಕೆ ವಿಭಾ ಎಂಬ ಹುಡುಗಿಯನ್ನು ಗೊತ್ತು ಮಾಡಿದರು. ಮಾತಿಗೂ ಒಬ್ಬ ಡಾಕ್ಟರು! ನಾನು ಈ ಮನೆಯಲ್ಲಿ ಪುಕ್ಕಟೆ ಮಾಡಿಕೊಂಡು ಬಂದ ಕೆಲಸ. ಮೊದಲ ಸಲ ಅವಳು, ಅನ್ನಿಸಿದ್ದೆಲ್ಲ ಬರೆಯಿರಿ ಎಂದು ಹಾಳೆ ಕೊಟ್ಟಳು. ಇವರು ಅದರಲ್ಲಿ ಎಲೆಅಡಿಕೆ ಕಟ್ಟಿಕೊಂಡರು. ಹುಡುಗಿ ಜಾಣೆ. ಮುಂದಿನ ಸಲ ಹಾಳೆ ಬಿಟ್ಟು, ನನ್ನಿಂದ ಹಳೆಯ ತೋಟದ ವಿಷಯ ಕೇಳಿಕೊಂಡು, ಕೇಳಿಸುವ ಎಡಗಿವಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, "ತಾತಾ, ನಿಮ್ಮ ಕನಕಾಂಬರದ ತೋಟ ಎಲ್ಲಿತ್ತು?" ಎಂದು ನಿಧಾನಕ್ಕೆ ಕೇಳಿದಳು. ಅವತ್ತಿನಿಂದ ಅವಳ ಹತ್ತಿರ ಬಾಯಿ ಬಿಡುತ್ತಾರೆ.

ಇತ್ತ ವೇಣು ನನಗೆ, "ಅವ್ವಾ, ಇನ್ಮೇಲೆ ಅಪ್ಪನ್ನ ಬೈಬೇಡ, ಮನಸ್ಸಿಗೆ ನಾಟುತ್ತೆ" ಎಂದು ಕಟ್ಟಪ್ಪಣೆ ಮಾಡಿದ್ದ. ನಾನೂ ನಾಲಿಗೆಗೆ ಬೀಗ ಹಾಕಿದೆ. ಹಾಲು ಚೆಲ್ಲಿದರೂ "ಹೋಗ್ಲಿ ಬಿಡಿ" ಅನ್ನುತ್ತೇನೆ. ನಾನು! ನೀನು ನೋಡಿದ್ದರೆ ನಗುತ್ತಿದ್ದೆ.

ಒಳಗಿನ ಮಾತು ಹೊರಗೆ ಹೋಗಬಾರದೆಂದು ಆ ಹುಡುಗಿ ನಮ್ಮನ್ನು ಹೊರಗಿನ ಬೆಂಚಿನಲ್ಲಿ ಕೂರಿಸುತ್ತಾಳೆ. ಕಿವುಡರಿಗೆ ಗುಟ್ಟು ಎಲ್ಲಿಯದು? ಇವರು ಪಿಸುಗುಟ್ಟಿದರೂ ಬಸ್‌ ಸ್ಟಾಂಡಿಗೆ ಕೇಳಿಸುತ್ತದೆ. ಮೊನ್ನೆ ವೇಣು ಕಾಫಿಗೆ ಹೋಗಿದ್ದ. ಒಳಗಿಂದ ಇವರ ದನಿ ಬಂತು: "ನಮ್ಮೋಳು ಬೈಯೋದೇ ಬಿಟ್ಬಿಟ್ಟವ್ಳೆ ಕಣಮ್ಮ. ಸಾಯೋರನ್ನ ಯಾರಾದ್ರೂ ಬೈತಾರಾ? ನನ್ ಕತೆ ಮುಗೀತು ಅಂತ ಅವ್ಳಿಗೆ ಗೊತ್ತಾಗೋಗದೆ."

ಬೆಂಚಿನವರೆಲ್ಲ ನನ್ನ ಮುಖ ನೋಡಿದರು. ನಾನು ಸೆರಗು ನೋಡಿಕೊಂಡೆ. ಕೇಳಿಸಿತು ಎಂದು ಹೇಳಿದರೆ ಆ ಹುಡುಗಿಯ ಮುಂದೆಯೂ ಬಾಯಿ ಮುಚ್ಚಿಬಿಡುತ್ತಾರೆ. ಹೇಳದೆ ಹೇಗಿರಲಿ, ನೀನೇ ಹೇಳು.

ಹಾಸ್ಟೆಲಿನ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ನೀನು ಹುಷಾರು.

ನಿನ್ನ ಅವ್ವ,
ಯಲ್ಲಮ್ಮ

ಇನ್ನೊಂದು ಮಾತು: ನಿನ್ನೆ ಮುದ್ದೆ ಮುಟ್ಟದೆ ಎದ್ದರು. ಬೈದೇಬಿಡೋಣ ಎಂದು ಎದುರಿಗೆ ನಿಂತು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು. ಅವರು ನೋಡಿ, ಗೊತ್ತಿತ್ತು ಅನ್ನುವಂತೆ ತಲೆಯಾಡಿಸಿ, ಮತ್ತೆ ಗೋಡೆಗೆ ತಿರುಗಿದರು. ರಜೆ ಹಾಕಿ ಬಾ, ಲತಾ. ನೀನಾದರೂ ಅವರನ್ನು ಬೈಯಿ.