ರಕ್ತ ತೆಗೆದ ದಿನ

ಗಡಹಿಂಗ್ಲಜ
೨೨ ನವೆಂಬರ್ ೨೦೨೫

ಚಿರಂಜೀವಿ ಮನೀಷಾಳಿಗೆ,

ಅಕ್ಟೋಬರ್ ಆರರಂದು ನಾನು ಬರೆದ ಪತ್ರದಲ್ಲಿ ಒಂದು ದಿನಾಂಕ ತಪ್ಪಾಗಿತ್ತು. ಮೊದಲು ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಕೊಲ್ಹಾಪುರದ ಡಾಕ್ಟರಿಗೆ ತೋರಿಸಲೆಂದು ನಿನ್ನ ರಕ್ತಪರೀಕ್ಷೆಯ ವಿವರಗಳನ್ನೆಲ್ಲ ಒಂದೇ ಹಾಳೆಯಲ್ಲಿ ದುಂಡಗೆ ನಕಲು ಮಾಡಿ ಅದರೊಡನೆ ಇಟ್ಟಿದ್ದೆನಲ್ಲ, ಆ ಹಾಳೆಯ ಮಾತಿದು. "ಅಪ್ಪಾ, ಲ್ಯಾಬಿನಾವ್ರು ಛಾಪಿಸಿದ್ದಕ್ಕಿಂತ ನಿಮ್ಮ ಅಕ್ಷರನ ಭಾಳ ಚಂದ ಅದಾವ" ಎಂದು ನೀನು ಫೋನಿನಲ್ಲಿ ನಕ್ಕಿದ್ದೆ. ನಾನು ಹಿಗ್ಗಿದ್ದೆ. ಮುದುಡಿದ ಮೂಲ ಕಾಗದಗಳು ಏಕೆ ಬೇಕೆಂದು ಅವನ್ನು ನನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡೆ.

ಕೊರೋಚಿಯ ಮಗ್ಗದ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ದಿವಾಣಜಿಯಾಗಿ ಲೆಕ್ಕ ಬರೆದವನು. ಅಲ್ಲಿ ಬಟ್ಟೆಯ ಮೇಲೆ ಹಾಕುವ ದಿನಾಂಕ ನೂಲು ಮಗ್ಗವೇರಿದ ದಿನದ್ದಲ್ಲ. ಬಟ್ಟೆ ಮಗ್ಗದಿಂದಿಳಿದು ದಿವಾಣಜಿಯ ಕೈಸೇರಿದ ದಿನದ್ದು. ಆ ರೂಢಿ ನನ್ನ ಬೆರಳುಗಳನ್ನು ಬಿಟ್ಟಿಲ್ಲ. ನಿನ್ನ ವರದಿಗೂ ನಾನು ಹಾಗೆಯೇ ಮಾಡಿದೆ. ಅಳಿಯ ವೈಭವ ಆ ಕಾಗದವನ್ನು ನನಗೆ ತಂದುಕೊಟ್ಟದ್ದು ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು. ನಾನು ಅದನ್ನೇ ಬರೆದೆ. ರಕ್ತ ತೆಗೆದದ್ದು ಹನ್ನೆರಡರಂದು.

ಹದಿನೇಳು ದಿನಗಳಲ್ಲಿ ಏನಿದೆ ಎಂದು ನನಗಾಗ ತಿಳಿದಿರಲಿಲ್ಲ. ಈಗ ತಿಳಿದಿದೆ. ಬಿಳಿ ರಕ್ತಕಣಗಳಲ್ಲಿ ಇಯೊಸಿನೊಫಿಲ್ ಎಂಬುದೊಂದು ಜಾತಿ. ಧೂಳೋ ಮತ್ತೊಂದೋ ಒಗ್ಗದ ದೇಹದಲ್ಲಿ ಅವು ಹೆಚ್ಚುತ್ತವೆ, ಶ್ವಾಸನಾಳಗಳಲ್ಲಿ ನೆರೆದು ಅವನ್ನು ಊದಿಸುತ್ತವೆ. ಉಬ್ಬಸಕ್ಕೆ ಕೊಡುವ ಸ್ಟೆರಾಯ್ಡ್ ಗುಳಿಗೆ ನುಂಗಿದರೆ ಎಣಿಕೆ ತಟ್ಟನೆ ಇಳಿಯುತ್ತದೆ. ಗುಳಿಗೆ ನಿಂತರೆ ಮತ್ತೆ ಏರುತ್ತದೆ. ಎರಡು ವರ್ಷದ ಹಿಂದೆ ಏಳುನೂರ ಇಪ್ಪತ್ತಿದ್ದ ನಿನ್ನ ಎಣಿಕೆ ಈ ಸಲ ಅರವತ್ತಕ್ಕೆ ಬಂದದ್ದು ನೀನು ಗುಳಿಗೆ ನುಂಗುತ್ತಿದ್ದ ದಿನಗಳಲ್ಲಿ. ನನ್ನ ಹಾಳೆಯ ದಿನಾಂಕ ಹಿಡಿದರೆ ಅದು ಗುಳಿಗೆ ನಿಂತು ಹನ್ನೆರಡು ದಿನಗಳಾದ ಮೇಲಿನದು. ಡಾಕ್ಟರು ನನ್ನ ಹಾಳೆಯನ್ನು ನಂಬಿದರು. "ಕೌಂಟ್ ಕಮೀ ಆಹೇ, ಹೇ ಇಂಜೆಕ್ಷನ್ ನಕೋ" ಎಂದರಂತೆ. ಆ ಕಣಗಳನ್ನು ತಗ್ಗಿಸುವ ಇಂಜೆಕ್ಷನ್ನು, ಎಣಿಕೆಯೇ ಕಡಿಮೆಯಿದ್ದವಳಿಗೆ ಬೇಡವೆಂದರು. ಅವರದೇನೂ ತಪ್ಪಿಲ್ಲ.

ಮಂಗಳವಾರ ಉಬ್ಬಸ ಏರಿ ನಿನ್ನನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಬುಧವಾರ ವೈಭವ ಫೋನು ಮಾಡಿದ: "ಮಾವಾ, ರಕ್ತಾ ತಗದ ದಿವಸ ಗುಳಗಿ ನಡದಿದ್ದೂವೇನ್ರಿ? ಡಾಕ್ಟರ್ ಕೇಳಾಕತ್ತಾರ." ಪೆಟ್ಟಿಗೆ ತೆರೆದೆ. ಮೂಲ ಕಾಗದದ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಹನ್ನೆರಡು ಎಂದಿತ್ತು. ಹೇಳಿದೆ. ಅವನು "ಇರ್ಲಿ ಬಿಡ್ರಿ" ಎಂದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಮತ್ತೊಮ್ಮೆ ಎಣಿಸಿ ನೋಡೋಣವೆಂದರೆ ನಿನ್ನ ನರದೊಳಗೆ ಹರಿಯುತ್ತಿರುವುದೂ ಅದೇ ಸ್ಟೆರಾಯ್ಡ್. ಕಣಗಳು ಅಡಗಿ ಕುಳಿತಿವೆ. ಅದನ್ನು ನಿಲ್ಲಿಸಿದರೆ ನಿನಗೆ ಉಸಿರಿಲ್ಲ. ನಿನ್ನ ಕೋಣೆಯೊಳಗೆ ಒಬ್ಬರಿಗಷ್ಟೇ ಪ್ರವೇಶವಂತೆ, ಅಲ್ಲಿ ವೈಭವನಿದ್ದಾನೆ. ನನ್ನ ಪಾಲಿಗೆ ಉಳಿದಿರುವುದು ಲೇಖನಿ ಮಾತ್ರ.

ಮನೀಷಾ, ಇಷ್ಟೇ ಆಗಿದ್ದರೆ ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆ ಹಾಳೆಯಲ್ಲಿ ಇನ್ನೊಂದು ತಪ್ಪಿದೆ. ಅದು ಕೈತಪ್ಪಲ್ಲ.

ನಿನಗೆ ಮೂರು ವರ್ಷ ತುಂಬುವ ಮೊದಲು ನಾವು ಕಾರ್ಖಾನೆಯ ಹಿಂದಿನ ಒಂದೇ ಕೋಣೆಯ ಖೋಲಿಗೆ ಬಂದೆವು. ಹಾಲಿನ ಪಾತ್ರೆಯ ಮೇಲೂ ಅರಳೆಯ ನವಿರು ಕೂರುತ್ತಿತ್ತು. ಒಂದು ಬೆಳಿಗ್ಗೆ ನಿನ್ನ ಅವ್ವ ಬಾಳವ್ವ ನಿನ್ನ ಎದೆಗೆ ಕಿವಿಯಿಟ್ಟು, "ನೋಡ್ರಿ, ಈ ಖೋಲಿಗೆ ಬಂದ ಮ್ಯಾಲ ಕೂಸಿನ ಎದಿ ಸುಂಯ್ ಅನ್ನಾಕತ್ತೈತಿ" ಎಂದಳು. 'ಎದಿ' ಅಲ್ಲ, 'ಎದೆ' ಎಂದು ನಾನು ತಿದ್ದಿದೆ. "ಮಾತ ತಿದ್ದೂದು ಬರ್ತೈತಿ ನಿಮಗ, ಮನಿ ತಿದ್ದೂದು ಬರೂದಿಲ್ಲ" ಎಂದು ಅವಳು ನಿನ್ನನ್ನೆತ್ತಿಕೊಂಡು ಹೊರಗೆ ಹೋದಳು. ಮಾಲಿಕರು ಪುಕ್ಕಟೆ ಕೊಟ್ಟ ಖೋಲಿ. ಅದನ್ನು ಬಿಡುವ ಧೈರ್ಯ ನನಗಿರಲಿಲ್ಲ. ಅಂದಿನಿಂದ ಯಾವ ಡಾಕ್ಟರು ಕೇಳಿದರೂ, "ಹುಟ್ಟಿದಾಗಿನಿಂದ ಇದೆ" ಎಂದೇ ಹೇಳುತ್ತ ಬಂದೆ; ಆ ಹಾಳೆಯಲ್ಲೂ ಅದನ್ನೇ ಬರೆದೆ. ಬಾಳವ್ವ ತೀರಿಕೊಂಡ ಮೇಲೆ ಅಲ್ಲವೆನ್ನುವವರು ಯಾರೂ ಉಳಿಯಲಿಲ್ಲ.

ಎರಡು ವರ್ಷದ ಹಿಂದೆ, ಮಗ್ಗಗಳಿರುವ ಗಂಡನ ಮನೆಯಿಂದ ಇಲ್ಲಿಗೆ ಬಂದಿದ್ದ ನೀನು, "ಅಪ್ಪಾ, ಗಡಹಿಂಗ್ಲಜಕ್ಕ ಬಂದ್ರ ನನ್ನ ಎದಿ ಹಗುರಾಗತೈತಿ. ಮಗ್ಗದ ಮನಿ ಬಿಟ್ಟು ಬ್ಯಾರೆ ಮನಿ ಮಾಡೂನು ಅಂತ ನೀವರ ಇವ್ರಿಗೆ ಹೇಳ್ರಿ" ಎಂದೆ. ನಾನು ವೈಭವನಿಗೆ ಹೇಳಿದ್ದು, ಹುಟ್ಟಿನಿಂದ ಬಂದದ್ದು ಮನೆ ಬದಲಿಸಿದರೆ ಹೋಗುವುದಿಲ್ಲ ಎಂದು. ಅವನೂ ನನ್ನನ್ನು ನಂಬಿದ.

ಈ ಪತ್ರವನ್ನು ಅವನಿಗೆ ತೋರಿಸು. ಡಾಕ್ಟರಿಗೆ ಮರಾಠಿಯಲ್ಲಿ ಓದಿ ಹೇಳು. ನಿನಗೆ ಉಸಿರು ಸಾಲದಿದ್ದರೆ ಅವನೇ ಓದಲಿ. ಮೂಲ ಕಾಗದಗಳನ್ನೆಲ್ಲ ಇದರೊಡನೆ ಇಟ್ಟಿದ್ದೇನೆ. ಇನ್ನು ನನ್ನ ನಕಲನ್ನು ಯಾರೂ ನಂಬಬೇಡಿ.

ಒಂದು ಇಡೀ ಇರುಳು ನೀನು ಮಲಗಿ ನಿದ್ರಿಸುವಂತಾಗಲಿ, ಮಗಳೇ.

ನಿನ್ನ ಅಪ್ಪ,
ಮಲ್ಲಿನಾಥ

ತಿದ್ದಿದ ದಿನಾಂಕಗಳು:

ಸ್ಟೆರಾಯ್ಡ್ ಗುಳಿಗೆ ನುಂಗಿದ್ದು: ಹಾಳೆಯಲ್ಲಿ ಬರೆದೇ ಇರಲಿಲ್ಲ. ಸರಿಯಾದದ್ದು, ೮ ಸೆಪ್ಟೆಂಬರ್ ೨೦೨೫ರಿಂದ ೧೭ರವರೆಗೆ.

ಎಣಿಕೆ ಅರವತ್ತು ಬಂದ ರಕ್ತ ತೆಗೆದದ್ದು: ೨೯ ಸೆಪ್ಟೆಂಬರ್ ಎಂದಿತ್ತು. ಸರಿಯಾದದ್ದು, ೧೨ ಸೆಪ್ಟೆಂಬರ್ ೨೦೨೫.

ಖೋಲಿಗೆ ಬಂದದ್ದು: ಎಲ್ಲಿಯೂ ಬರೆದಿರಲಿಲ್ಲ. ೫ ಡಿಸೆಂಬರ್ ೧೯೯೩.

ಮನೀಷಾಳಿಗೆ ಉಬ್ಬಸ ಮೊದಲಾದದ್ದು: 'ಹುಟ್ಟಿದಾಗಿನಿಂದ' ಎಂದಿತ್ತು. ಸರಿಯಾದದ್ದು, ೧೯ ಜನವರಿ ೧೯೯೪, ಬೆಳಿಗ್ಗೆ. ಬಾಳವ್ವ ಹೇಳಿದ್ದಳು.