ಮನೆಗಾಡಿ ಅಂಗಳಕ್ಕೆ ಬಂದ ಆದಿತ್ಯವಾರ

ಬೆಳ್ಳೂರು
9-2-2005, ಬುಧವಾರ

ಪ್ರೀತಿಯ ಯಶ್ಮಿತಾಳ ಪಪ್ಪನಿಗೆ,

ನಿಮ್ಮ ತುಂಗಾ ಮಾಡುವ ನಮಸ್ಕಾರಗಳು. ನಾವಿಬ್ಬರೂ ಸೌಖ್ಯ. ನಿಮ್ಮ ಬೆನ್ನುನೋವು ಈಗ ಹೇಗುಂಟು? ಡಿಸೆಂಬರಿನಲ್ಲಿ ಬಂದ ಕಾಗದಕ್ಕೆ ಫೆಬ್ರವರಿಯಲ್ಲಿ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಬೇಡಿ. ಪೋಲಿಯೋ ಹನಿ ಹಾಕಲಿಕ್ಕೆ ಇದ್ದಬದ್ದ ಗುಡ್ಡೆಗಳನ್ನೆಲ್ಲ ಹತ್ತಿ ಇಳಿದದ್ದಾಯಿತು. ಆಮೇಲೆ ಅಂಗನವಾಡಿಯ ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆಯುವ ಕೆಲಸ. ನೆವ ಹೇಳುತ್ತಿದ್ದಾಳೆ ಎನ್ನುತ್ತೀರಿ. ಹೌದು, ನೆವವೇ. ನೆವ ಹೇಳುವುದನ್ನು ನಿಮ್ಮಿಂದಲ್ಲದೆ ಇನ್ಯಾರಿಂದ ಕಲಿಯಲಿ?

ಶುಕ್ರವಾರ ಶುಕ್ರವಾರ ಫೋನು ಮಾಡುತ್ತೇನಲ್ಲ, ಮತ್ತೆ ಕಾಗದ ಯಾಕೆ ಎಂದು ಕೇಳಬೇಡಿ. ಪಕ್ಕದ ಮನೆಯ ಚಾವಡಿಯಲ್ಲಿ ನಿಂತು, ಆಯಿಶಾ ಮತ್ತು ಅವಳ ಮನೆಯವರೆಲ್ಲ ಟಿವಿಯ ಸದ್ದು ತಗ್ಗಿಸಿ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿರುವಾಗ ನಾನು ಎಂತ ಮಾತಾಡುವುದು? "ಹ್ಞಾಂ, ಉಂಟು, ಆಯ್ತು, ಇಡ್ತೇನೆ." ಇಷ್ಟೇ. ಇಷ್ಟು ಹೇಳಿ ಮನೆಗೆ ಬಂದು, ಹೇಳದೆ ಉಳಿದದ್ದನ್ನು ಪಾತ್ರೆ ತಿಕ್ಕುತ್ತಾ ಪಾತ್ರೆಗಳಿಗೆ ಹೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮನೆಗಾಡಿ ತಯಾರಾಗಿದೆ! ನೀವು ಹುಬ್ಬು ಗಂಟಿಕ್ಕಿದ್ದು ನನಗೆ ಇಲ್ಲಿಗೇ ಕಾಣುತ್ತದೆ. ಅರಬಿಗಳು ರಜೆಯಲ್ಲಿ ಮರಳುಗಾಡಿಗೆ ಹೋಗಿ ಮಲಗಲಿಕ್ಕೆ ಶಾರ್ಜಾದಲ್ಲಿ ಚಕ್ರದ ಮೇಲೆ ಮನೆ ಕಟ್ಟಿಕೊಡುವವರು ನೀವು. ನಿಮ್ಮ ಹೆಂಡತಿ, ಮಗಳು ಅದರ ಫೋಟೋ ಮಾತ್ರ ಕಂಡವರು. ಐದು ವರ್ಷದ ಹಿಂದೆ ಹೊರಡುವಾಗ, "ಮುಂದಿನ ಸಲ ಬಂದಾಗ ಇಂಥದ್ದೇ ಒಂದು ಗಾಡಿ ಮಾಡಿ ವಯನಾಡಿಗೆ ಹೋಗುವ. ಗುಡ್ಡದ ಮೇಲೆ ಪೂಕೋಡು ಕೆರೆ ಉಂಟಲ್ಲ, ಅದರ ಹತ್ತಿರ ನಿಲ್ಲಿಸಿ ನಾನೇ ನಿನಗೆ ಚಹಾ ಮಾಡಿ ಕೊಡ್ತೇನೆ" ಎಂದವರು ನೀವೇ. ಆಗ ಯಶ್ಮಿತಾಳಿಗೆ ಮೂರು ವರ್ಷ. ಈಗ ಮೂರನೇ ಕ್ಲಾಸು. ಚಳಿಗಾಲದಲ್ಲಿ ಆರ್ಡರು ಜಾಸ್ತಿ, ಬೇಸಿಗೆಯಲ್ಲಿ ನಿಮ್ಮ ಕಂಪೆನಿಯ ಮುದಲಾಳಿ ಊರಲ್ಲಿಲ್ಲ, ಪಾಸ್‌ಪೋರ್ಟು ಅವನ ಕಪಾಟಿನಲ್ಲಿ, ಹೀಗೆ ವರ್ಷಕ್ಕೊಂದು. ನಾನೂ ಯೋಚಿಸಿ ನೋಡಿದೆ. ಇವರು ಬಂದು ಗಾಡಿ ಮಾಡುವುದು ಆಗುವ ಹೋಗುವ ಮಾತಲ್ಲ. ಗಾಡಿ ಮಾಡಿಟ್ಟರೆ ಇವರು ಬಂದಾರು.

ಮಾಡಿದ್ದು ನಿಸಾಮುದ್ದೀನ್. ನಿಮ್ಮ ಬೆಂಚಿನಲ್ಲಿ ಕೂತು ನಿಮ್ಮದೇ ಲೆಕ್ಕ ಕಾಪಿ ಹೊಡೆದವನು, ಬೋವಿಕಾನದಲ್ಲಿ ಗ್ಯಾರೇಜು ಇಟ್ಟಿದ್ದಾನಲ್ಲ, ಅವನೇ. ಮಂಗಳೂರಿನ ಕಡೆ ಯಾರೋ ಮೂಲೆಗೆ ಹಾಕಿದ್ದ ಹಳೇ ಆಂಬ್ಯುಲೆನ್ಸ್ ತಂದ. ಕರ್ನಾಟಕದ ಕೆಎ ನಂಬರನ್ನು ನಮ್ಮ ಕೇರಳದ ಕೆಎಲ್ ಮಾಡಿಸುವಷ್ಟರಲ್ಲಿ ಅವನ ಎರಡು ಜೊತೆ ಚಪ್ಪಲಿ ಸವೆಯಿತು. "ಮೊದಲನೇ ಟ್ರಿಪ್ಪು ನಿಮ್ಮದು ತುಂಗಕ್ಕ, ಮತ್ತೆ ನಾನು ಟೂರಿಸ್ಟುಗಳಿಗೆ ಬಾಡಿಗೆಗೆ ಬಿಡ್ತೇನೆ" ಎಂದು ಒಪ್ಪಿದ್ದಾನೆ. ನೀವು ಕಾಗದಗಳ ಅಂಚಿನಲ್ಲಿ ಗೀಚಿದ ಚಿತ್ರಗಳನ್ನೆಲ್ಲ ಕೊಟ್ಟೆ. ಮಡಚಿದರೆ ಮೇಜು, ಬಿಡಿಸಿದರೆ ಮಂಚ, ಅಡಿಯಲ್ಲಿ ನೀರಿನ ಟಾಂಕಿ, ಕಿಟಕಿಗೆ ಸೊಳ್ಳೆಬಲೆ, ಎಲ್ಲ ಹಾಗೆಯೇ ಮಾಡಿದ್ದಾನೆ.

ತಕರಾರು ಬಂದದ್ದು ಮಂಚಕ್ಕೆ ಮಾತ್ರ. ನಿಮ್ಮ ಚಿತ್ರದಲ್ಲಿ ಆರೂವರೆ ಅಡಿ. "ಇದು ಅರಬಿಗಳ ಅಳತೆ ತುಂಗಕ್ಕ. ನಮ್ಮ ಹರಿನಾಥನಿಗೆ ಇಷ್ಟುದ್ದ ಎಂತಕ್ಕೆ? ಉಳಿದ ಜಾಗದಲ್ಲಿ ಒಲೆ ಇಡುವ" ಎಂದ. ಹಾಗಾದರೆ ಅವರ ಎತ್ತರ ಎಷ್ಟು ಎಂದು ಕೇಳಿದೆ. ಅವನು ಕೈ ಎತ್ತಿ ಇಷ್ಟು ಎಂದು ತೋರಿಸಿದ. ನಾನು ಇನ್ನೂ ಸ್ವಲ್ಪ ಮೇಲೆ ಎಂದೆ. ಅವನು ಇಲ್ಲ ಎಂದ. ಕೊನೆಗೆ ನಿಮ್ಮ ಮದುವೆಯ ಪ್ಯಾಂಟು, ಷರಟು ಕಪಾಟಿನಿಂದ ತೆಗೆದು ಚಾಪೆಯ ಮೇಲೆ ಉದ್ದಕ್ಕೆ ಹಾಸಿ, ತಲೆಗೆಂದು ಒಂದು ಗೇಣು ಸೇರಿಸಿ ಟೇಪು ಹಿಡಿದೆವು. ಗಂಡನ ಎತ್ತರ ಗೊತ್ತಿಲ್ಲದ ಹೆಂಡತಿ! ನನಗೆ ಎಷ್ಟು ನಾಚಿಕೆಯಾಯಿತೆಂದರೆ, ನಿಸಾಮುದ್ದೀನ್ ಹೋಗುವವರೆಗೂ ತಲೆ ಎತ್ತಲಿಲ್ಲ.

ಏಪ್ರಿಲ್ ಹದಿನಾಲ್ಕಕ್ಕೆ ಬಿಸು ಹಬ್ಬ. ಅಂದು ದೇವರ ಮುಂದೆ ಇಟ್ಟ ಕಣಿ ನೋಡಿ, ಪಾಯಸ ಉಂಡು, ಹದಿನೈದಕ್ಕೆ ಬೆಳಿಗ್ಗೆ ಹೊರಡುವುದು. ಕಣ್ಣೂರು ದಾಟಿ ಮಾನಂತವಾಡಿಯ ಘಾಟಿ ಹತ್ತುವುದಂತೆ. ಸಂಜೆಯಾದರೆ ಕೆರೆಯ ಪಾರ್ಕಿನ ಗೇಟು ಹಾಕುತ್ತಾರೆ, ರಾತ್ರಿ ಅಲ್ಲಿ ನಿಲ್ಲಿಸಲಿಕ್ಕಿಲ್ಲ. ಅದಕ್ಕೂ ದಾರಿ ಮಾಡಿದ್ದೇನೆ. ನಿಸಾಮುದ್ದೀನನ ಹೆಂಡತಿಯ ಸೋದರಮಾವನಿಗೆ ಅಲ್ಲೇ ಹತ್ತಿರ ಕಾಫಿ ಒಣಗಿಸುವ ಅಂಗಳ ಉಂಟು, ನೀರೂ ಉಂಟು. ಕೋರಿ ರೊಟ್ಟಿಯ ನಾಲ್ಕು ಕಟ್ಟು ಕೊಂಡೊಯ್ಯುತ್ತೇನೆ, ಕೋಳಿ ಅಲ್ಲೇ ತೆಗೆದುಕೊಂಡು ಸಾರು ಮಾಡಿದರಾಯಿತು. ನಿಮ್ಮ ಮಗಳಿಗೆ ಬೇರೆಯದೇ ಚಿಂತೆ. "ಪಪ್ಪ ಗೊರಕೆ ಹೊಡೀತಾರಾ ಅಮ್ಮ? ಮಂಚ ಹತ್ತಿರ ಹತ್ತಿರ ಉಂಟಲ್ಲ, ನನಗೆ ನಿದ್ದೆ ಬರ್ತದಾ?" ಎಂದು ಕೇಳುತ್ತಾಳೆ. ಹೊಡೆಯುತ್ತಾರೆ ಎಂದೆ. ಈಗಲೂ ಹೊಡೆಯುತ್ತೀರಲ್ಲ?

ನಿಜ ಹೇಳಬೇಕೆಂದರೆ ನನಗೆ ಕೆರೆ ನೋಡುವ ಆಸೆ ಅಷ್ಟೊಂದಿಲ್ಲ. ನೀರು ನೋಡಲಿಕ್ಕೆ ಅಷ್ಟು ದೂರ ಯಾಕೆ, ಮಂಜೇಶ್ವರಕ್ಕೆ ಹೋದರೆ ಕಡಲೇ ಉಂಟು. ನನಗೆ ನೀವು ಮಾಡಿದ ಚಹಾ ಕುಡಿಯಬೇಕು. ಸಕ್ಕರೆ ಜಾಸ್ತಿಯಾಯಿತೆಂದು ಜಗಳ ಮಾಡಬೇಕು. ಸಿಟ್ಟಿನಲ್ಲಿ ಎದ್ದು ಹೋಗಬೇಕೆಂದರೂ ಹೋಗಲಿಕ್ಕೆ ಜಾಗವಿಲ್ಲದಷ್ಟು ಸಣ್ಣ ಮನೆಯಲ್ಲಿ ನಿಮ್ಮ ಎದುರು ಮುಖ ಊದಿಸಿ ಕೂರಬೇಕು. ನಾಲ್ಕು ದಿನ ಸಾಕು ನನಗೆ.

ಇನ್ನೊಂದು ಸುದ್ದಿ ಬರೆಯದಿದ್ದರೆ ಆಯಿಶಾ ಬಿಡುವುದಿಲ್ಲ, ಫೋನಿನಲ್ಲಿ ಅವಳೇ ಹೇಳಿಯಾಳು. ಮೊನ್ನೆ ಆದಿತ್ಯವಾರ ಗಾಡಿ ಓಡಿಸಿ ನೋಡಲಿಕ್ಕೆಂದು ನಿಸಾಮುದ್ದೀನ್ ನಮ್ಮ ಮನೆಗೇ ತಂದ. ಬಣ್ಣ ಇನ್ನೂ ಬಿಳಿಯೇ. ಎದುರಿನ ಆಂಬ್ಯುಲೆನ್ಸ್ ಎಂಬ ಅಕ್ಷರವನ್ನೂ ಅಳಿಸಿರಲಿಲ್ಲ. ನಮ್ಮ ಏರು ಹತ್ತುವಾಗ ಕೈ ತಾಗಿ ಸೈರನ್ ಶುರುವಾಯಿತು, ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಗಲ್ಫಿನವರ ಮನೆಗೆ ಆಂಬ್ಯುಲೆನ್ಸ್ ಬಂದರೆ ನಮ್ಮ ಊರಿನಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ವಿಮಾನದಲ್ಲಿ ಬಂದ ಹೆಣದ ಪೆಟ್ಟಿಗೆ ಮನೆಗೆ ಬರುವುದು ಅದರಲ್ಲೇ. ಹೆಂಡತಿಗೆ ಎಲ್ಲರಿಗಿಂತ ಕೊನೆಗೆ ತಿಳಿಸುವುದೂ ಇಲ್ಲಿಯ ಕ್ರಮವೇ. ಹಾಗಾಗಿ ಪ್ರತಿಯೊಬ್ಬರೂ ಉಳಿದವರಿಗೆ ಮೊದಲೇ ಗೊತ್ತಿತ್ತು ಎಂದುಕೊಂಡರು. ಗಂಡಸರಿಗೆ ಸುದ್ದಿ ಬಂದಿರಬೇಕೆಂದು ಆಯಿಶಾ, ಆಯಿಶಾಳ ಮನೆಗೆ ಫೋನು ಬಂದಿರಬೇಕೆಂದು ಗಂಡಸರು. ಗಾಡಿ ಅಂಗಳಕ್ಕೆ ಬರುವ ಮೊದಲೇ ಹದಿನೈದು ಜನ ಸೇರಿದರು. ಆಯಿಶಾ ಓಡಿ ಬಂದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಿಮ್ಮ ಸೋದರಮಾವ ಕೂಸಪ್ಪ ಮಾವ ಕೊಡಲಿ ಹಿಡಿದೇ ಬಂದಿದ್ದರು. ಕಟ್ಟಿಗೆಗೆ ಯಾವ ಗೆಲ್ಲು ಕಡಿಯುವುದೆಂದು ಬಾವಿಯ ಹತ್ತಿರದ ಮಾವಿನ ಮರವನ್ನು ನೋಡುತ್ತಾ ನಿಂತಿದ್ದರು.

ಅಷ್ಟರಲ್ಲಿ ನಿಸಾಮುದ್ದೀನ್ ಇಳಿದು, "ಹೇಗುಂಟು?" ಎಂದು ಹಲ್ಲು ಬಿಟ್ಟ.

"ನಿನ್ನ ತಲೆಗೆ ಎಂತ ಆಗಿದೆ? ಹೀಗೆ ಬೊಬ್ಬೆ ಹಾಕ್ಸಿಕೊಂಡು ಬರ್ಲಿಕ್ಕೆ ಇದೆಂತ ಮಂತ್ರಿಯ ಕಾರಾ ಮಾರಾಯ!" ಎಂದು ಮಾವ ಕೊಡಲಿ ಕೆಳಗಿಟ್ಟರು.

"ಕೈ ತಾಗಿದ್ದು ಮಾವ. ಸ್ವಿಚ್ಚು ಕೆಟ್ಟು ಹೋಗಿದೆ."

ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹದಿನೈದು ಜನಕ್ಕೆ ಚಹಾ ಮಾಡಿದೆ. ಮಾವ ನಿಮ್ಮ ಮಂಚದಲ್ಲಿ ಮಲಗಿ ನೋಡಿ, "ಒಳ್ಳೇದುಂಟು. ಸುಳ್ಳು ಸಾವಿನ ಸುದ್ದಿ ಹುಟ್ಟಿದ್ರೆ ಆಯುಷ್ಯ ಜಾಸ್ತಿಯಂತೆ, ಹರಿನಾಥ ನೂರು ವರ್ಷ ಬದುಕ್ತಾನೆ" ಎಂದರು. ಅದನ್ನೇ ಅವರ ಆಶೀರ್ವಾದ ಎಂದು ತಿಳಿದುಕೊಳ್ಳಿ.

ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟದೆ ಕೆಲಸ ಮಾಡಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾವು ನಂಬಿದ ದೈವದೇವರು ನಿಮ್ಮನ್ನು ಸುಖವಾಗಿ ಇಟ್ಟಿರಲಿ, ಆ ಮುದಲಾಳಿಗೂ ಒಳ್ಳೆಯ ಬುದ್ಧಿ ಕೊಡಲಿ. ಯಶ್ಮಿತಾ ನಿಮಗೊಂದು ಮುತ್ತು ಕಳಿಸಿದ್ದಾಳೆ.

ಇಂತಿ ನಿಮ್ಮ,
ತುಂಗಾ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚಿದವಳು ಪುನಃ ಬಿಡಿಸಿದೆ. ಎಲ್ಲರೂ ನಕ್ಕರು ಎಂದು ಬರೆದಿದ್ದೇನೆ. ನಾನು ನಗಲಿಲ್ಲ. ಸೈರನ್ ಕೇಳಿದಾಗ ಒಳಗಿರುವುದು ನೀವೇ ಎಂದು ನನಗೂ ಖಚಿತವಾಗಿತ್ತು. ಆದರೆ ಮೊದಲು ಬಂದದ್ದು ಅಳು ಅಲ್ಲ. "ಅಂತೂ ಬಂದರು" ಎಂದು ಅನಿಸಿತು. ಒಂದು ಗಳಿಗೆ ನನಗೆ ಸಮಾಧಾನವಾಯಿತು. ಇನ್ನು ಕಾಯಲಿಕ್ಕಿಲ್ಲ ಎಂಬ ಸಮಾಧಾನ. ನಿಮ್ಮಾಣೆಗೂ ಸತ್ಯ. ಇದನ್ನು ಯಾರಿಗೂ ಹೇಳಿಲ್ಲ. ಮೂರು ದಿನದಿಂದ ನನಗೆ ನನ್ನದೇ ಹೆದರಿಕೆ. ಗಂಡ ಬೇಕೆಂದು ಐದು ವರ್ಷ ಕೂತವಳಿಗೆ ಹೀಗೂ ಅನಿಸುತ್ತದಾ? ಬಿಸುವಿಗೆ ಬರುವುದಾದರೆ ಬನ್ನಿ. ಆಗುವುದಿಲ್ಲವಾದರೆ ಈ ಸಲ ನೆವ ಬೇಡ, ಬರುವುದಿಲ್ಲ ಎಂದೇ ಒಂದು ಗೆರೆ ಬರೆದು ಕಳಿಸಿ. ಯಶ್ಮಿತಾಳನ್ನು ಕರೆದುಕೊಂಡು ನಾನೊಬ್ಬಳೇ ಹೋಗಿ ಬರುತ್ತೇನೆ. ಆಮೇಲೆ ನಮ್ಮ ಏರಿನಲ್ಲಿ ಯಾವ ಗಾಡಿಯ ಸದ್ದಾದರೂ ಅಂಗಳಕ್ಕೆ ಬಂದು ನೋಡುವುದಿಲ್ಲ.